ಸಂಬಂಧವಿಲ್ಲ

ಅಲ್ಲಿ ಬೆಳಿಗ್ಗೆ ಹತ್ತು. ಬದಿಯಡ್ಕದಲ್ಲಿ ಎರಡೂವರೆ.
ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ,
ಸದ್ದು ಹೋಗದಿರಲೆಂದು ಫ್ಯಾನು ಆರಿಸಿ
ಬೆವರುತ್ತ ಕೂತಿದ್ದೇನೆ, ಕಿವಿಗೆ ಯುರೋಪು ಸಿಕ್ಕಿಸಿಕೊಂಡು.
ಗಂಟೆ ಲೆಕ್ಕದ ಸಂಬಳ. ಷರತ್ತು ಇಷ್ಟೇ:
ಅವನು ‘ನಾನು’ ಎಂದರೆ ನಾನೂ ‘ನಾನು’ ಎನ್ನಬೇಕು.

ಹಾಗಾಗಿ ಈ ಮಧ್ಯಾಹ್ನ
ನಾನು ಇಪ್ಪತ್ತಾರರ ಗಂಡಸು.
ಪ್ರೀತಿಸಿದ್ದು ಇನ್ನೊಬ್ಬ ಗಂಡಸನ್ನು.
ಬರಿಗಾಲಲ್ಲಿ ರಾತ್ರಿ ಗೇರುಗುಡ್ಡೆ ಹತ್ತಿ ಓಡಿದ್ದೇನೆ.
ಇಷ್ಟನ್ನೂ ಚೊಕ್ಕ ಇಂಗ್ಲಿಷಿನಲ್ಲಿ ಹೇಳಿ
ನೀರು ಕುಡಿದೆ.

‘ಮರಳಿ ಹೋದರೆ ಅಪಾಯ ಇದೆಯೇ?’
‘ಉಂಟು’ ಎಂದ.
ಇದೆ ಎನ್ನಲಿಲ್ಲ. ಉಂಟು.
ಪೆರ್ಲದವನೋ, ಮುಳ್ಳೇರಿಯದವನೋ,
ಒಂದೇ ಬಸ್ಸಿನಲ್ಲಿ ನನ್ನ ಕಾಲು ತುಳಿದಿರಲೂಬಹುದು.
ಇಂಗ್ಲಿಷಿಗೆ ದಾಟಿದ್ದು ಬರೀ ‘ಯೆಸ್’.

‘ಕತ್ತಿ ಹಿಡಿದು ಬಂದವನು ಸಹೋದರ ಎಂದಿದೆ ಕಡತದಲ್ಲಿ.
ಇಂದು ಸಹೋದರರೇ ಇಲ್ಲ ಎನ್ನುತ್ತೀರಿ.
ಯಾವುದು ನಿಜ?’

ನನಗೆ ಥಟ್ಟನೆ ಹೊಳೆಯಿತು.
ಕಳೆದ ಸಲ ಹೇಳಿರುತ್ತಾನೆ, ಸೋಡದಂಗಡಿಯ ಅಣ್ಣ ಬಂದ ಅಂತ.
ನನ್ನ ಹಾಗೆಯೇ ಗಂಟೆ ಲೆಕ್ಕದ ಯಾರೋ
ಶಬ್ದಕ್ಕೊಂದು ಶಬ್ದ ಇಟ್ಟು ಎದ್ದುಹೋಗಿದ್ದಾರೆ.
ಕೊಡೆ ರಿಪೇರಿಯವ ಅಣ್ಣ, ಮೀನಿನವ ಅಣ್ಣ,
ಕತ್ತಿ ಹಿಡಿದು ಬಂದರೂ ಅಣ್ಣ.

ವಿರಾಮ. ಮೈಕು ಮುಚ್ಚಲು ಮರೆತಿದ್ದರು.
‘ಎಲ್ಲರದೂ ಇದೇ ಕತೆ, ವಿಮಾನ ಹತ್ತಿಸಬೇಕು.’
‘ಸ್ಟ್ರಾಸ್‌ಬರ್ಗ್ ಬಿಡಬೇಕಲ್ಲ?’
‘ಆ ಕೋರ್ಟಿನಿಂದಲೇ ಹೊರಬಂದರಾಯಿತು.’
‘ನಾಳೆ ನಿನಗೇ ಬೇಕಾದರೆ?’
ಕಪ್ಪಿಗೆ ಚಮಚ ತಾಗಿದ ಸದ್ದು.
‘ಎಂತ ಹೇಳ್ತಾರೆ ಅಕ್ಕಾ?’ ಕೇಳಿದ.
ಇದು ನನ್ನ ಗಂಟೆಯಲ್ಲಿ ಸೇರಿಲ್ಲ. ಸುಮ್ಮನಿದ್ದೆ.

ಮತ್ತೆ ಶುರುವಾದಾಗ ಅನುಮತಿ ಕೇಳಿ ವಿವರಿಸಿದೆ,
ನಮ್ಮಲ್ಲಿ ಅಣ್ಣನೆಂದರೆ ಅಣ್ಣನೇ ಆಗಬೇಕಿಲ್ಲ ಎಂದು.
ಇಂಗ್ಲಿಷಿನಲ್ಲಿ ಅದು ಅರೆಹುಚ್ಚಿಯ ಮಾತಿನಂತೆ ಕೇಳಿಸಿತು.
‘ಹೌದು, ಹಾಗೆ ಹೇಳಿ ಅಕ್ಕಾ!’
ನಡುವೆ ಬಾಯಿ ಹಾಕಿದ ಅವನು.
ಅದನ್ನೂ ಇಂಗ್ಲಿಷು ಮಾಡಬೇಕು. ಮಾಡಿದೆ.
ಆಚೆ ಪೆನ್ನು ನಿಂತಿತು.
‘ಅರ್ಜಿದಾರ ನಿಮಗೆ ಏನಾಗಬೇಕು?’

ಕೆಳಗೆ ಯಂತ್ರ ಯಾರದೋ ಆಧಾರ್ ಕಾರ್ಡು ಉಗುಳುತ್ತಿತ್ತು,
ಒಂದೇ ಮುಖ, ಐದೈದು ಪ್ರತಿ.
ಇವನನ್ನು ಉಳಿಸುವ ವಾಕ್ಯ ಒಂದೇ ಉಳಿದಿತ್ತು.
ಪ್ರಮಾಣ ಮಾಡಿದೆ: ಏನೂ ಆಗಬೇಕಾಗಿಲ್ಲ.
ಸಂಬಂಧವಿಲ್ಲ.

ನಿಯಮದಂತೆ
ಅದನ್ನು ಅವನಿಗೂ ಕನ್ನಡದಲ್ಲಿ ಹೇಳಬೇಕಿತ್ತು.
ಹೇಳಿದೆ.
‘ಆಯ್ತು’ ಎಂದ.
ಮುಂದೆ ಅಕ್ಕ ಎನ್ನಲಿಲ್ಲ. ‘ಮೇಡಂ’ ಎಂದ, ಎರಡು ಸಲ.

ತೀರ್ಪು ಅವನಿಗೆ ಅಂಚೆಯಲ್ಲಿ ಬರುತ್ತದಂತೆ.
ನನಗೆ ಬರುವುದು
ಎರಡು ಗಂಟೆ ಹನ್ನೊಂದು ನಿಮಿಷದ ಹಣ.

ಸಂಜೆಯ ಬಸ್ಸು. ಫುಟ್‌ಬೋರ್ಡಿನ ತನಕ ಜನ.
ಕಂಡಕ್ಟರು ಕಂಬಿಗೆ ನಾಣ್ಯ ಬಡಿದು ಕೂಗಿದ:
‘ಚೇಚೀ, ಸ್ವಲ್ಪ ಒಳಗೆ ಸರಿಯಿರಿ,
ಇನ್ನೂ ಹತ್ತುವವರು ಉಂಟು.’