ಕೆರೆಯಂಗಳದಲ್ಲಿ ಜೆಸಿಬಿ

ನಮ್ಮ ಜಿಲ್ಲೆಯ ಹೆಸರು ಹೊತ್ತ ಮುಳ್ಳು, ಬಳ್ಳಾರಿ ಜಾಲಿ;
ಮೂರು ದಿನ ಬೇರುಸಮೇತ ಕಿತ್ತೆ.
ನಾಲ್ಕನೆಯ ದಿನ ಬಕೆಟ್ಟಿಗೆ ಅಡ್ಡ ಬಂದು ನಿಂತ
ನೀರಗಂಟಿ ಯಂಕೋಬ, ಹೆಗಲ ಮೇಲೆ ಸಲಿಕೆ.

"ಸಾಕು ಡ್ರೈವರಾ. ಇನ್ನ ಕೆಳಗ ಹೋಗಬ್ಯಾಡ."
"ಇನ್ನೂ ಮೂರಡಿ ಐತಿ, ಎಸ್ಟಿಮೇಟಿನ್ಯಾಗ."
"ಎಸ್ಟಿಮೇಟಿಗೇನು ಗೊತ್ತು?"
ಕುಕ್ಕರಗಾಲಲ್ಲಿ ಕೂತು
ಎರೆಮಣ್ಣಿನ ಹೆಂಟೆಯೊಂದನ್ನೆತ್ತಿ
ಕಟಕ್ ರೊಟ್ಟಿಯಂತೆ ಮುರಿದ.

ಒಳಗೆ ಹೆಬ್ಬೆರಳಷ್ಟು ಕಪ್ಪೆ.
ಕಣ್ಣು ಮುಚ್ಚಿತ್ತು. ಗಂಟಲು ಮಾತ್ರ
ನ್ಯೂಟ್ರಲ್ಲಿಗೆ ಹಾಕಿಟ್ಟ ಇಂಜಿನ್ನು.
ಪಕ್ಕದಲ್ಲೇ ಜೊಂಡಿನ ಒಣಬೇರು,
ತುದಿಗೆ ಬಿಳಿ ಚುಕ್ಕೆ.

ಹೋಳುಗಳನ್ನು ಉಗುಳು ಹಚ್ಚಿ ಕೂಡಿಸಿ
ಇದ್ದಲ್ಲೇ ಇಟ್ಟ.

ಬಾಡಿಗೆ ಅರ್ಧವೇ ಸಿಕ್ಕಿತು, ಬೈಗುಳ ಪೂರ್ತಿ.

ಈಗ ಮಳೆಗಾಲದ ರಾತ್ರಿ
ಕಂಪ್ಲಿ ಕಡೆ ಹೋಗುವಾಗ
ಏರಿ ಮೇಲೆ ನಿಲ್ಲುತ್ತೇನೆ.
ಕೀಲಿ ತಿರುವಿ ಗಾಡಿ ಆರಿಸುತ್ತೇನೆ.
ಕೆರೆಯದ್ದು ಚಾಲೂ ಇರುತ್ತದೆ.