ಎರಡಿಂಚು ಒಳಗೆ

ಡಂಡೀ ಊರಿನ ಏರುಬೀದಿಯಲ್ಲಿ ಗಿಲ್ರಾಯ್ ಡ್ರೈಕ್ಲೀನರ್ಸ್.
ಹನ್ನೊಂದು ವರ್ಷದಿಂದ ಇಸ್ತ್ರಿ ಮೇಜು ನನ್ನದು,
ಹೊಲಿಗೆ ಯಂತ್ರ ಈ ಫೆಬ್ರವರಿಯಿಂದ ಒರಿಸ್ಯಾಳದು.

ಮೊದಲ ದಿನ ಒಂದು ಪ್ಯಾಂಟು ಬಂತು,
ಸೊಂಟಕ್ಕೆ ಗುಂಡುಸೂಜಿ ಚುಚ್ಚಿದ ಚೀಟಿ:
ಟೇಕ್ ಇನ್, ಎರಡಿಂಚು.
ಟೇಕ್ ಅಂದರೆ ತಗೊ. ಇನ್ ಅಂದರೆ ಒಳಗೆ.
ಎರಡೂ ಅವಳಿಗೆ ಗೊತ್ತಿದ್ದ ಮಾತೇ.
ತಗೊಂಡಳು, ಒಳಗೆ ಹೋದಳು,
ಹಿಂದಿನ ಕೋಣೆಯ ಮೊಳೆಗೆ ನೇತುಹಾಕಿ
ಬಾಗಿಲಿಂದ ಎರಡಿಂಚು ಇದೆಯೇ ಎಂದು
ಟೇಪು ಹಿಡಿದು ನೋಡಿ ಬಂದಳು.

ನಕ್ಕೆವು. ಅವಳೂ ನಕ್ಕಳು, ಕೊಂಚ ತಡವಾಗಿ.
ನಾನೇ ಹೇಳಿಕೊಟ್ಟೆ: ಅಗಲವಾದದ್ದನ್ನು
ಒಳಗೆ ಹಿಡಿದು ಹೊಲಿಯುವುದು, ಅಷ್ಟೆ.
ಹಳೇ ರಸೀದಿಯ ಬೆನ್ನಿಗೆ ತನ್ನ ಲಿಪಿಯಲ್ಲಿ ಬರೆದುಕೊಂಡಳು.
ದೊಡ್ಡ ಮೇಷ್ಟ್ರ ಹಾಗೆ ನಾನು ಉಬ್ಬಿದೆ.

ಗುರುವಾರ ಮುಖ ಸಪ್ಪೆ.
ಅವಳಿಗೆ ಕೋಣೆ ಕೊಟ್ಟ ಎಲ್ಸ್‌ಪೆತ್ ಮುದುಕಿ
ಬೇಲಿ ಮೇಲಿಂದ ಯಾರಿಗೋ ಹೇಳಿದ್ದಳಂತೆ:
‘ಇವಳನ್ನು ನಾನು ಟೇಕ್ ಇನ್ ಮಾಡಿದೆ.’
‘ನಾನು ಅಷ್ಟು ಅಗಲವೇ?’
ಸೊಂಟದ ಮೇಲೆ ಕೈ.
ಅಲ್ಲ ಮಾರಾಯ್ತಿ, ಅದು ಬೇರೆ,
ನೆಲೆಯಿಲ್ಲದವರನ್ನು ಮನೆಯೊಳಗೆ ಕರಕೊಳ್ಳುವುದು.
‘ಅದೇ ಮಾತಾ?’
ಅದೇ ಮಾತು.
‘ಮೋಸಹೋಗುವುದಕ್ಕೂ ಅದೇ’ ಎಂದ ಗಿಲ್ರಾಯ್ ಗಲ್ಲಾದಿಂದ.
ಅವನನ್ನು ಯಾರೂ ಕೇಳಿರಲಿಲ್ಲ.

ರಸೀದಿಯ ಬೆನ್ನು ತುಂಬಿತು.
ಹುಟ್ಟಿದಾಗಿಂದ ನನ್ನ ಬಾಯಲ್ಲಿದ್ದ ಮಾತು,
ಒಳಗೆ ಇಷ್ಟು ಬಟ್ಟೆ ಮಡಚಿದೆ ಎಂದು
ಒಮ್ಮೆಯೂ ಮಗುಚಿ ನೋಡಿರಲಿಲ್ಲ.

ಮಾರ್ಚಿನಲ್ಲಿ ಮಿಕೊಲಾಯಿವ್‌ನಿಂದ ಫೋನು.
ಅಣ್ಣನ ವಿಷಯ.
ಫೋನನ್ನು ಕತ್ತರಿಯ ಪಕ್ಕ ಇಟ್ಟು
ಒಂದು ಗುಂಡಿ ಹೊಲಿದಳು, ಬಿಚ್ಚಿದಳು, ಮತ್ತೆ ಅದನ್ನೇ ಹೊಲಿದಳು.
ಕರೆದೊಯ್ಯಲು ಬಂದ ಎಲ್ಸ್‌ಪೆತ್
ನನ್ನ ಕಿವಿಯಲ್ಲಿ: ಇನ್ನೂ ಟೇಕ್ ಇನ್ ಆಗಿಲ್ಲ ಅವಳಿಗೆ.
ಒರಿಸ್ಯಾ ಅರ್ಥ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಮೇ ತಿಂಗಳಲ್ಲಿ ಒಂದು ಕೋಟು ತಂದಳು,
ಎಲ್ಸ್‌ಪೆತ್ ಗಂಡನದು,
ಬಂದರಿನಲ್ಲಿ ಕ್ರೇನು ನಡೆಸಿ ತೀರಿಕೊಂಡ ಅಗಲ ಭುಜದವನದು.
ನೀನೇ ಹಾಕಿಕೊ ಅಂದಳಂತೆ.
ಎರಡಲ್ಲ, ಐದಿಂಚು ಹಿಡಿಯಬೇಕಿತ್ತು.
ಸೀಮೆಸುಣ್ಣದ ಗೆರೆ, ತುಟಿ ತುಂಬ ಸೂಜಿ.
ಹೊಲಿಗೆ ಮುಗಿಯಿತು, ಮಿಕ್ಕ ಬಟ್ಟೆಗೆ ನಾನು ಕತ್ತರಿ ಹಿಡಿದೆ.
ಮಣಿಕಟ್ಟು ಹಿಡಿದು ತಡೆದಳು.
‘ಕತ್ತರಿಸಬಾರದು. ಒಳಗೇ ಇರಲಿ.
ಬಿಚ್ಚುವ ದಿನ ಬೇಕಾಗುತ್ತದೆ.’

ಉಗಿ ಬಿಟ್ಟು ಇಸ್ತ್ರಿ ಎಳೆದೆ.
ಹೊರಗೆ ಏನೂ ಕಾಣದು.
ಪಕ್ಕೆಯ ಹತ್ತಿರ ಮಾತ್ರ ಪೆಟ್ಟಿಗೆ
ಕೊಂಚ ಏರಿ, ಇಳಿಯಿತು.