ಬಂದದ, ಬಂದ್ ಅದ

ಉಮದಿ ಸೆಕ್ಷನ್ ಆಫೀಸಿಗಿ ನಾ ಸೇರಿದ ದಿನ
ಮಶಾಕ ಕಾಕಾ ಅರವತ್ತು ಪಾನದ ವಹಿ ಕೊಟ್ಟ.
ಶಬ್ದ ಬರಕೋ ಸುಸಲಾ, ಅಂದ,
ಇಲ್ಲಿ ಮಂದಿ ಸಾಯೂದು ಕರಂಟಿಗಲ್ಲ, ಶಬ್ದಕ್ಕ.

ಗೆರಿ ಹೊಡದೆ.
ಎಡಕ್ಕ ನಮ್ಮ ಕನ್ನಡ ಸಾಲಿ ಪುಸ್ತಕದ್ದು: ವಿಭವಾಂತರ.
ನಡುವ ಪರೀಕ್ಷಾಕ್ಕ ಬಾಯಿಪಾಠ ಮಾಡಿದ ಮರಾಠಿ: ದಾಬ.
ಬಲಕ್ಕ ಕಾಕಾ ಅಂದದ್ದು.
ಅದಕ್ಕ ಜಾಗಾ ಜಾಸ್ತಿ ಬಿಟ್ಟೆ.

ವೋಲ್ಟ್ ಅಂದ್ರ?
ಬೀಗರು ಬಂದು ಕುಂತಾರ, ಹುಡುಗಿ ಒಳಗ ನಿಂತಾಳ,
ಇನ್ನಾ ಯಾರೂ ಬಾಯಿ ತಗದಿಲ್ಲ. ಅದು ವೋಲ್ಟ್.
ಆಂಪಿಯರ್?
ಮಾತು ಸುರು ಆತಲ್ಲ, ಅದು.
ಓಮ್?
ಹುಡುಗಿ ಸೋದರತ್ತಿ.

ವ್ಯಾಟ್ ದುಡಿಮಿ,
ಯುನಿಟ್ ಅದರ ಹಾಜರಿ.
ಅವ್ವಗ ತಿಳಿಸಿ ಹೇಳಿದೆ.
ಮಣೂಕದ ಕಡ್ಡಿ ಆರಸಕೋತ ಅಂದಳು:
ನನಗ್ಯಾವ ಮೀಟರ್ ಕೂಡಸ್ಯಾರವಾ.

ಅಶ್ವಶಕ್ತಿ ಬರಿಯೂಮುಂದ ತೊಡಕಾತು.
ಊರಿಗೆಲ್ಲಾ ಇರೂದು ಬ್ಯಾಂಡಿನವರ ಒಂದ ಕುದರಿ,
ಮದುವಿ ವರಾತಿಗಷ್ಟ ಬರತದ, ಅದೂ ಕುಂಟತದ.
ಮೋಟರಿನ ಮ್ಯಾಲ ಐದು ಅಂತ ತಗಡು,
ಬಿಚ್ಚಿ ನೋಡಿದ್ರ ಏಳೂವರಿ.
ಆ ಅರ್ಧಾ ಕುದರಿ ಬಾಯಿ ಕಡೀದೋ, ಬಾಲದ ಕಡೀದೋ?
ಹುಲ್ಲು ಮೇಯತದೋ, ಬರೇ ಒದೀತದೋ?
ಸಂಜೀತನಾ ನಕ್ಕೆವು, ಕಾಕಾಗ ಕೆಮ್ಮು ಬಂತು.

ಭಾರನಿಯಮನ ನಮ್ಮ ಬಾಯಾಗ ಭಾರ್ನೇಮ ಆಗ್ಯದ,
ಸೋಮವಾರದ ಒಪ್ಪೊತ್ತಿನ ಹಾಂಗ.
ಗಿರಣಿ ಮುಂದ ಜೋಳದ ಬುಟ್ಟಿ ಪಾಳಿ,
ಬುಟ್ಟಿಗಿ ಆತುಕೊಂಡು ಬಾಳವ್ವಾಯಿ.
ಫೇಸ್ ಅಂದ್ರ ಮುಖ ಅಂತ ಮೊಮ್ಮಗ ಹೇಳ್ಯಾನ ಅಕಿಗಿ.
ಗಾಣಗಾಪುರದ ದತ್ತನ ಹಾಂಗ
ಮೂರೂ ಮುಖ ಕೂಡಿ ಬಂದ್ರನ ಗಿರಣಿ ತಿರುಗೂದು, ಅಂತಾಳ.
ಬಲಕ್ಕ ಬರಕೊಂಡೆ. ಕಾಕಾ ಅಲ್ಲನ್ನಲಿಲ್ಲ.

ಆಮ್ಯಾಲ ಆಷಾಢದ ಗಾಳಿ.
ಗುಡ್ಡದ ಮ್ಯಾಲಿನ ದೊಡ್ಡ ಪಂಖಾ ಭರ್ರಂತ ತಿರುಗತಿದ್ದವು
ಯಾವ ಊರಿಗೋ ಕರಂಟ ಮಾಡಕೋತ.
ಕೆಳಗ ನಮ್ಮ ಕಂಬದಾಗ ಜಂಪರ್ ಹರದಿತ್ತು.
ಸಬ್‌ಸ್ಟೇಶನ್ನಿಗಿ ಹೊಸಾ ಆಪರೇಟರ್,
ಚಂದ್ರಪುರ ಕಡಿಯಾಂವ, ವಾನಖೆಡೆ.
ಅರ್ಧಾ ಕಂಬದಾಗ ನಿಂತು ಮತ್ತೊಮ್ಮೆ ಪಕ್ಕಾ ಮಾಡಿಕೊಳ್ಳೂಣಂತ
ಫೋನ್ ಹಚ್ಚಿದೆ. ಅವನ ಮಾತಿನ ತುಂಬ ಗಾಳಿ.
ಅಲ್ಲೇ ಇದ್ದ ನಮ್ಮ ಕಡಿ ಹುಡುಗ ಒಬ್ಬಾಂವ ಫೋನ್ ಇಸಕೊಂಡ,
ಕನ್ನಡದಾಗ ಅಂದ, ಲೈನ್

ಬಂದದ.

ಇಲ್ಲಾ,

ಬಂದ್ ಅದ.

ಒಂದರಾಗ ಲೈನಿಗಿ ಜೀವ ಅದ, ಒಂದರಾಗ ಇಲ್ಲ.
ನಡುವ ಉಸುರು ಹಿಡಿಸೂವಷ್ಟೂ ಜಾಗಾ ಇಲ್ಲ.
ಏನಂದಿ, ಅಂದೆ.
ಅದನ್ನ ಅಂದ, ಜೋರಾಗಿ. ಫೋನ್ ಕಟ್ ಆತು.

ನಲವತ್ತೆಂಟು ಪಾನ ತುಂಬಿದ್ದವು ನನ್ನ ವಹಿ.
ಮೂರೂ ಸಾಲಿನಾಗ ಈ ಶಬ್ದ ಇರಲಿಲ್ಲ.
ಮ್ಯಾಲ ಮೂರು ತಂತಿ,
ಮೂರರ ಮ್ಯಾಲೂ ಒಂದ ನಮೂನಿ ಬಿಸಲು,
ಒಂದರ ಮ್ಯಾಲ ಗುಬ್ಬಿ ಬ್ಯಾರೆ ಕುಂತದ.
ಗುಬ್ಬಿ ಸಾಕ್ಷಿ ನಡಿಯೂದಿಲ್ಲ,
ಅದಕ್ಕ ಎರಡೂ ಒಂದ.

ಕೆಳಗಿಂದ ಕಾಕಾ ಅಂದ:
ಯಾರ ಮಾತೂ ಕೇಳಬ್ಯಾಡ. ಅಲ್ಲಿಂದನ ಅರ್ಥ ಕೊಡು.

ಸರಪಳಿ ನೆಲಕ್ಕ ಬಿಗದಿತ್ತು.
ಉದ್ದನ ಕೋಲು ಎತ್ತಿದೆ,
ಕೊಕ್ಕಿ ತಂತಿಗಿ ಇನ್ನಾ ಗೇಣು ಇರೂವಾಗ

ನೀಲಿ.

ಫೀಡರ್ ಉರುಳಿತು. ಹನ್ನೊಂದು ಹಳ್ಳಿ ಒಮ್ಮೆಲೆ ಸುಮ್ಮನಾದವು,
ಎಲ್ಲೋ ಟೇಪಿನ ಹಾಡು ಅರ್ಧಕ್ಕ ನಿಂತಿತು.
ಗುಬ್ಬಿ ಇರಲಿಲ್ಲ.
ಕೆಳಗ ಇಳಿದ ಮ್ಯಾಲ ಕಾಕಾ ಕೈ ನೋಡಿದ, ಬೆರಳು ಎಣಿಸಿದ,
ಏನೂ ಅನ್ನಲಿಲ್ಲ, ತಂಬಾಕ ತಿಕ್ಕಿದ.

ಮರುದಿನ ನಮ್ಮ ಆಫೀಸಿನಾಗ ಹೊಸಾ ಕಾಯ್ದೆ:
ಬಂದ್ ಅನ್ನಬಾರದು. ಹೋಗ್ಯದ ಅನ್ನಬೇಕು.
ವಾನಖೆಡೆ ಆ ಒಂದು ಕನ್ನಡ ಶಬ್ದ ಕಲತಾನ,
ಸಾಲಿ ಹುಡುಗನ ಹಾಂಗ ತಿರುಗಾಮುರುಗಾ ಅಂತಾನ:
ಹೋಗ್ಯದ, ಹೋಗ್ಯದ.

ಆದ್ರ ಊರಿಗಿ ಯಾರ ಕಾಯ್ದೆ?
ಇವತ್ತ ನಾಕರ ಸುಮಾರಿಗಿ ಗಿರಣಿ ಗುಂಯ್‌ಗುಟ್ಟಿತು,
ಬಾಳವ್ವಾಯಿ ಬುಟ್ಟಿ ಎತ್ತಕೋತ ಕೂಗಿದಳು, ಬಂದದ!
ಹೆಂಗಸರೆಲ್ಲಾ ಎದ್ದರು, ಸೀರಿ ಝಾಡಿಸಿದರು.
ನಾ ಎದುರಿನ ಹೊಟೇಲಿನಾಗ ಕುಂತಿದ್ದೆ.
ಚಾದ ಬಸಿಯಿಂದ ಕೈ ತಗದೆ.